ಹಿಂದಿ ಮಾತಾಡುವವರ ದನಿ ಅಳೆಯಲು ಇಂಗ್ಲಿಷ್ ವಾಕ್ಯಗಳ ಅನುವಾದ ಸಾಕೆ?

ಪ್ರಶ್ನೆ: ಬೆಂಗಳೂರಿನ ಆಸ್ಪತ್ರೆಯೊಂದರ ಇಎನ್‌ಟಿ ವಿಭಾಗದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೇನೆ. ದನಿಯ ತೊಂದರೆ ಹೇಳಿಕೊಂಡು ಬರುವವರಲ್ಲಿ ಹಿಂದಿ ಮಾತಾಡುವವರು ಬಹಳ: ಕಟ್ಟಡ ಕೆಲಸದವರು, ಸೆಕ್ಯೂರಿಟಿಯವರು, ಶಾಲೆಯ ಟೀಚರುಗಳು. ರೋಗಿಯ ದನಿ ಕೇಳಿ ಅಂಕ ಕೊಡಲು ಬಳಸುವ ಕೇಪ್-ವಿ ಫಾರಂನ ಇಂಗ್ಲಿಷ್ ವಾಕ್ಯಗಳನ್ನು ಅನೇಕರು ಓದಲಾರರು ಎಂದು ನಾವೇ ಹಿಂದಿಗೆ ಅನುವಾದಿಸಿ ಓದಿಸುತ್ತಿದ್ದೇವೆ. ಆದರೆ ಅಂಕಗಳು ಹೊಂದುತ್ತಿಲ್ಲ. ಒಬ್ಬರೇ ರೋಗಿಗೆ ನಾನು ಬ್ರೆದಿನೆಸ್ (ದನಿಯಲ್ಲಿ ಬೆರೆತ ಗಾಳಿ) 100ಕ್ಕೆ 40 ಕೊಟ್ಟರೆ, ಹಿಂದಿ ಮನೆಮಾತಿನ ಸಹೋದ್ಯೋಗಿ 15 ಕೊಟ್ಟರು. ತಪ್ಪು ಎಲ್ಲಿದೆ, ಸರಿಯಾಗಿ ಮಾಡುವುದು ಹೇಗೆ?

ಉತ್ತರ: ಆ 40 ಮತ್ತು 15ರಿಂದಲೇ ಶುರುಮಾಡೋಣ. ನಿಮ್ಮಿಬ್ಬರಲ್ಲಿ ಯಾರ ಕಿವಿಯೂ ಕೆಟ್ಟಿರಬೇಕಿಲ್ಲ. ರೋಗಿ ಓದಿದ ಅನುವಾದದಲ್ಲಿ ಭ, ಧ, ಘ, ಹ ತುಂಬಿದ್ದರೆ ಆ ಅಕ್ಷರಗಳೇ ಗಾಳಿ ಬೆರೆತ ದನಿಯಲ್ಲಿ ಹೊರಡುತ್ತವೆ. ಹಿಂದಿಯಲ್ಲಿ ಬೆಳೆದ ಕಿವಿ ಆ ಗಾಳಿಯನ್ನು ಅಕ್ಷರದ ಲೆಕ್ಕಕ್ಕೆ ಹಾಕುತ್ತದೆ. ಕನ್ನಡದ ಆಡುಮಾತಿನಲ್ಲಿ ಮಹಾಪ್ರಾಣ ಬಹುಪಾಲು ಸವೆದುಹೋಗಿದೆ. ಬರೆಯುವಾಗ ಇಟ್ಟುಕೊಳ್ಳುತ್ತೇವೆ, ಮಾತಾಡುವಾಗ ಬಿಡುತ್ತೇವೆ. ಅಂಥ ಕಿವಿ ಅದೇ ಗಾಳಿಯನ್ನು ಗಂಟಲಿನ ಲೆಕ್ಕಕ್ಕೆ ಹಾಕುವ ಸಾಧ್ಯತೆ ಹೆಚ್ಚು. ಹಾಗಾಗಿ ನೋಡಬೇಕಾದದ್ದು ಎರಡು: ಓದಿಸಿದ ವಾಕ್ಯ ಮತ್ತು ಕೇಳಿದ ಕಿವಿ. ಮೊದಲನೆಯದನ್ನು ಸರಿಮಾಡದೆ ಎರಡನೆಯದನ್ನು ತಿದ್ದಲು ಆಗುವುದಿಲ್ಲ.

ಕೇಪ್-ವಿ ಹುಟ್ಟಿದ್ದು 2002ರ ಜೂನ್‌ನಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದ ತಜ್ಞರ ಸಭೆಯಿಂದ. ಒಟ್ಟಾರೆ ತೀವ್ರತೆ, ರಫ್‌ನೆಸ್ (ಒರಟುತನ), ಬ್ರೆದಿನೆಸ್, ಸ್ಟ್ರೇನ್ (ಬಿಗಿತ), ಪಿಚ್ (ಶ್ರುತಿ), ಲೌಡ್‌ನೆಸ್ (ಜೋರು) ಎಂಬ ಆರು ಗುಣಗಳಿಗೆ ತಲಾ 100 ಮಿಲಿಮೀಟರ್ ಗೆರೆ. ರೋಗಿಯಿಂದ ಮೂರು ಕೆಲಸ ಮಾಡಿಸುತ್ತೇವೆ: ಆ, ಈ ಸ್ವರಗಳನ್ನು ಎಳೆದು ಹಿಡಿಯುವುದು, ಆರು ವಾಕ್ಯ ಹೇಳುವುದು, ಕನಿಷ್ಠ 20 ಸೆಕೆಂಡ್ ಸಹಜವಾಗಿ ಮಾತಾಡುವುದು. ಇದರಲ್ಲಿ ಒಂದು ವಿಷಯ ಮರೆತೇ ಹೋಗುತ್ತದೆ. ಫಾರಂ ತುಂಬುವವರು ನಾವು, ರೋಗಿಯಲ್ಲ. ರೋಗಿ ತಾನೇ ಓದಿ ತುಂಬುವ ಪ್ರಶ್ನಾವಳಿ ಬೇರೆ: 1997ರ ವಾಯ್ಸ್ ಹ್ಯಾಂಡಿಕ್ಯಾಪ್ ಇಂಡೆಕ್ಸ್, 30 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 4, ಒಟ್ಟು 120. ಅದಕ್ಕೆ ಅನುವಾದ ಬೇಕು, ಅನುವಾದವನ್ನು ಇನ್ನೊಬ್ಬರಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ ಅರ್ಥ ಹೊಂದುತ್ತದೆಯೇ ನೋಡುವುದೂ ಬೇಕು. ಏಕೆಂದರೆ ಅಲ್ಲಿ ಅರ್ಥವೇ ಅಳತೆಗೋಲು. ಕೇಪ್-ವಿಯ ಆರು ವಾಕ್ಯಗಳಲ್ಲಿ ಅರ್ಥ ಬರೀ ಹೊದಿಕೆ. ಪ್ರತಿ ವಾಕ್ಯವೂ ಗಂಟಲಿನಿಂದ ಒಂದು ನಿರ್ದಿಷ್ಟ ಕೆಲಸ ಕೇಳುತ್ತದೆ. ಆ ಕೆಲಸ ಹಿಂದಿಗೆ ಬರಬೇಕು. ಅರ್ಥ ಬಾರದಿದ್ದರೂ ನಷ್ಟವಿಲ್ಲ.

ಅನುವಾದ ಮಾಡಿದರೆ ಏನಾಗುತ್ತದೆ ನೋಡಿ. ನಾಲ್ಕನೆಯ ಇಂಗ್ಲಿಷ್ ವಾಕ್ಯ 'ವೀ ಈಟ್ ಎಗ್ಸ್ ಎವೆರಿ ಈಸ್ಟರ್'. ಸ್ವರದಿಂದ ಶುರುವಾಗುವ ಪದಗಳನ್ನು ಸಾಲಾಗಿ ಇಟ್ಟಿರುವುದು ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಂಡು ಟಪ್ಪೆಂದು ಬಿಡುವ ಅಭ್ಯಾಸ ಇದೆಯೇ ಎಂದು ಕೇಳಲು. ಹಾರ್ಡ್ ಗ್ಲಾಟಲ್ ಅಟ್ಯಾಕ್ ಎನ್ನುತ್ತೇವಲ್ಲ, ಅದು. ಹಿಂದಿಗೆ ಅನುವಾದಿಸಿದರೆ 'ಹಮ್ ಹರ್ ಈಸ್ಟರ್ ಪರ್ ಅಂಡೇ ಖಾತೇ ಹೈಂ'. ಏಳು ಪದಗಳಲ್ಲಿ ಸ್ವರದಿಂದ ಶುರುವಾಗುವುದು ಎರಡೇ. ಅವೆರಡೂ 'ರ್' ಮುಗಿದ ಪದದ ಬೆನ್ನಿಗೇ ಬರುವುದರಿಂದ 'ಹರೀಸ್ಟರ್', 'ಪರಂಡೇ' ಎಂದು ಅಂಟಿಕೊಳ್ಳುತ್ತವೆ. ಅಟ್ಯಾಕ್ ಬರಲು ಜಾಗವೇ ಇಲ್ಲ. ಶುರುವಿನಲ್ಲಿ ಎರಡು ಹಕಾರ ಬೇರೆ, ಅಂದರೆ ಗಂಟಲು ಸಡಿಲಾಗಿಯೇ ಹೊರಡುತ್ತದೆ. ಬಿಗಿತ ಹಿಡಿಯಬೇಕಾದ ವಾಕ್ಯ ಬಿಗಿತವನ್ನು ಮುಚ್ಚಿಹಾಕಿತು. ಮೂರನೆಯದು 'ವೀ ವರ್ ಅವೇ ಎ ಇಯರ್ ಅಗೋ', ಪೂರ್ತಿ ಘೋಷ ಧ್ವನಿಗಳ, ಅಂದರೆ ಧ್ವನಿತಂತುಗಳು ಕಂಪಿಸುತ್ತಲೇ ಹೊರಡುವ ಧ್ವನಿಗಳ ವಾಕ್ಯ. ಅನುವಾದದಲ್ಲಿ 'ಹಮ್ ಏಕ್ ಸಾಲ್ ಪಹಲೇ ದೂರ್ ಥೇ' ಆಗಿ ಕ, ಸ, ಪ, ಥ ಎಲ್ಲ ನುಗ್ಗಿ ದನಿ ಮೂರು ಕಡೆ ಕಡಿಯುತ್ತದೆ. ದನಿ ತಾನಾಗಿ ಕಡಿಯುತ್ತದೆಯೇ ಎಂದು ಹುಡುಕುವ ವಾಕ್ಯದಲ್ಲಿ ನಾವೇ ಕತ್ತರಿಸಿ ಕೊಟ್ಟ ಹಾಗಾಯಿತು.

ಹಿಂದಿಗೆ ಕೇಪ್-ವಿಯ ರೂಪಾಂತರವೊಂದು 2020ರಲ್ಲೇ ಪ್ರಕಟವಾಗಿದೆ. ಅದನ್ನು ತರಿಸಿಕೊಂಡು ಬಳಸುವುದು ಮೊದಲ ಆಯ್ಕೆ. ಕೆಳಗಿನ ವಾಕ್ಯಗಳನ್ನು ಕಟ್ಟಿರುವುದು ಅದರ ಬದಲಿಗಲ್ಲ. ಯಾವ ವಾಕ್ಯ ಏಕೆ ಹಾಗಿರಬೇಕು ಎಂದು ತೋರಿಸಲು. ಇದು ಕೈಗೆ ಹತ್ತಿದರೆ ಯಾವ ವಾಕ್ಯಮಾಲೆ ಸಿಕ್ಕರೂ ಅದು ನಿಮ್ಮ ರೋಗಿಗೆ ಒಗ್ಗುತ್ತದೆಯೇ ಎಂದು ನೀವೇ ಹೇಳಬಲ್ಲಿರಿ.

ಮೊದಲ ವಾಕ್ಯ, ಸ್ವರಗಳಿಗೆ: 'ಮೌಸೀ, ಉಸ್ ಲಡ್ಕೇ ಕೋ ಜೂತೇ ಔರ್ ಪೈಸೇ ದಿಲಾ ದೋ.' ಹಿಂದಿಯ ಹತ್ತೂ ಸ್ವರಗಳು ಇದರಲ್ಲಿವೆ: ಅ, ಆ, ಇ, ಈ, ಉ, ಊ, ಏ, ಐ, ಓ, ಔ. ಭ-ಘ ವರ್ಗದ ಅಕ್ಷರ ಒಂದೂ ಇಲ್ಲ. ಅನುನಾಸಿಕ ಮೌಸಿಯ 'ಮ' ಒಂದೇ. ದೆಹಲಿ ಕಡೆಯವರ ಐ, ಔ ಒಂದೇ ಸ್ವರವಾಗಿ ಹೊರಡುತ್ತವೆ. ಬಿಹಾರದ ಕಡೆಯವರದು ಅ-ಇ, ಅ-ಉ ಎಂದು ಜಾರುತ್ತದೆ. ಬಿಹಾರದ ಕೆಲವರು 'ಲಡ್ಕೇ'ಯನ್ನು 'ಲರ್ಕೇ' ಅನ್ನಬಹುದು. ಎರಡೂ ಉಚ್ಚಾರಣೆಯ ಭೇದ, ದನಿಯ ದೋಷವಲ್ಲ, ತಿದ್ದಬೇಡಿ. ತಿದ್ದಿದ ತಕ್ಷಣ ರೋಗಿ ಎಚ್ಚರದ ದನಿಗೆ ಜಾರುತ್ತಾರೆ, ಮುಂದಿನ ಐದೂ ವಾಕ್ಯ ಕೆಟ್ಟಂತೆಯೇ.

ಎರಡನೆಯದು ಹಕಾರದ್ದು, ಮೆತ್ತಗೆ ಹೊರಡುವ ದನಿಗೆ: 'ಹಮ್ ಹರ್ ಹಫ್ತೇ ಹಾಟ್ ಹೋ ಆತೇ ಹೈಂ.' ಇಲ್ಲೊಂದು ಸೂಕ್ಷ್ಮವಿದೆ. ಇಂಗ್ಲಿಷಿನ ಪದಾದಿಯ ಹಕಾರ ಬರೀ ಉಸಿರು, ಆಮೇಲೆ ದನಿ. ಹಿಂದಿಯ ಹಕಾರ ಬಹುಮಟ್ಟಿಗೆ ಘೋಷ. ಉಸಿರು ಮತ್ತು ದನಿ ಒಟ್ಟಿಗೇ ಬರುತ್ತವೆ, ಅದರಲ್ಲೂ ಎರಡು ಸ್ವರಗಳ ನಡುವೆ. ಹಾಗಾಗಿ ಈ ವಾಕ್ಯವನ್ನು ದನಿ ಹೇಗೆ ಹೊರಡುತ್ತದೆ ಎಂದು ಕೇಳಲು ಮಾತ್ರ ಬಳಸಿ. ಬ್ರೆದಿನೆಸ್ ಅಂಕ ಇದರ ಮೇಲೆ ನಿಲ್ಲಬಾರದು. ಆರೋಗ್ಯವಂತರೂ ಇಲ್ಲಿ ಗಾಳಿ ಬೆರೆಸಿಯೇ ಮಾತಾಡುತ್ತಾರೆ.

ಮೂರನೆಯದು, ಪೂರ್ತಿ ಘೋಷ: 'ರಾಜೂ ಯೇ ದವಾ ಲೇ ಆಯಾ.' ಎಂಟು ಅಕ್ಷರದ ಉಸಿರು, ಇಂಗ್ಲಿಷ್ ವಾಕ್ಯದಷ್ಟೇ ಉದ್ದ. ಅಘೋಷ ವ್ಯಂಜನವಿಲ್ಲ, ಅನುನಾಸಿಕವಿಲ್ಲ, ಮಹಾಪ್ರಾಣವಿಲ್ಲ, ಪದದ ಕೊನೆಗೆ ವ್ಯಂಜನವೂ ಇಲ್ಲ. ಕೊನೆಯದು ಮುಖ್ಯ. ಹಿಂದಿಯಲ್ಲಿ ಪದಾಂತ್ಯದ ಅಕಾರ ಉಚ್ಚಾರಣೆಯಲ್ಲಿ ಬೀಳುತ್ತದೆ. 'ಆಜ' ಎಂದು ಬರೆದು 'ಆಜ್' ಎನ್ನುತ್ತಾರೆ. ಅಂಥ ಪದ ಬಂದಲ್ಲಿ ನಿಲುಗಡೆ, ಇಲ್ಲವೇ ದನಿಯಿಲ್ಲದ ಕೊನೆ ಬರಬಹುದು. ಅಡಕ್ಟರ್ ಬಗೆಯ ಸ್ಪಾಸ್ಮೋಡಿಕ್ ಡಿಸ್ಫೋನಿಯಾ (ಮಾತಾಡುವಾಗ ಧ್ವನಿತಂತುಗಳು ತಾವಾಗಿ ಬಿಗಿದು ಕೂಡಿಕೊಳ್ಳುವ ತೊಂದರೆ) ಇದ್ದವರಲ್ಲಿ ದನಿ ಸಿಕ್ಕಿಬಿದ್ದು ಕಡಿಯುವುದು ಇಂಥ ವಾಕ್ಯದಲ್ಲೇ ಚೆನ್ನಾಗಿ ಕೇಳುವುದು. ಅದಕ್ಕೇ ವಾಕ್ಯ ತಾನು ಎಲ್ಲೂ ಕಡಿಯಬಾರದು. ಕಾರ್ಡಿನ ಮೇಲೆ ಮಾತಿನಂತೆ 'ಯೇ' ಎಂದೇ ಬರೆಸಿ. ವ್ಯಾಕರಣಶುದ್ಧವಾಗಿ 'ಯಹ್' ಎಂದು ಬರೆದರೆ ಅಕ್ಷರ ನೋಡಿ ಓದುವವರು ಹಕಾರ ಸೇರಿಸುತ್ತಾರೆ. ಕೆಲವರು 'ದವಾ' ಬದಲು ರೂಢಿಯಂತೆ 'ದವಾಈ' ಎನ್ನುತ್ತಾರೆ, ಬಿಡಿ, ಘೋಷ ಕೆಡುವುದಿಲ್ಲ.

ನಾಲ್ಕನೆಯದು, ಗ್ಲಾಟಲ್ ಅಟ್ಯಾಕ್‌ಗೆ: ಮೊದಲ ನೋಟಕ್ಕೆ 'ಅಬ್ ಆಪ್ ಆಮ್ ಔರ್ ಅಂಗೂರ್ ಉಠಾಇಏ' ಚೆನ್ನಾಗಿ ಕಾಣುತ್ತದೆ, ಎಲ್ಲ ಪದವೂ ಸ್ವರದಿಂದ ಶುರು. ಓದಿಸಿ ನೋಡಿ, 'ಅಬಾಪಾಮೌರಂಗೂರುಠಾಇಏ' ಎಂದು ಒಂದೇ ಸರ. ಹಿಂದಿನ ಪದದ ವ್ಯಂಜನ ಮುಂದಿನ ಸ್ವರವನ್ನು ಎಳೆದುಕೊಳ್ಳುತ್ತದೆ. ಸ್ವರದಿಂದ ಶುರುವಾದರೆ ಸಾಲದು, ಹಿಂದಿನ ಪದ ಸ್ವರದಲ್ಲೇ ಮುಗಿದಿರಬೇಕು ಅಥವಾ ನಡುವೆ ಸಣ್ಣ ನಿಲುಗಡೆ ಇರಬೇಕು. ಹಾಗಾಗಿ: 'ಅನು, ಆಓ, ಇಮ್ಲೀ ಉಠಾಓ.' ಎರಡು ಅಲ್ಪವಿರಾಮ, ಸ್ವರದ ಬೆನ್ನಿಗೆ ಸ್ವರ. ಬಿಗಿಯುವ ಅಭ್ಯಾಸ ಇದ್ದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಐದನೆಯದು ಅನುನಾಸಿಕಕ್ಕೆ: 'ನಾನೀ ನೇ ಮುನ್ನೀ ಕೋ ಮನಾ ಲಿಯಾ.' ಮೂಗು ಕಟ್ಟಿದ ದನಿ ಇದೆಯೇ ಎಂದು ಕೇಳಲು, ಜೊತೆಗೆ ಹಮ್ಮಿಂಗ್ ಬಗೆಯ ಥೆರಪಿಗೆ ದನಿ ಒಲಿಯುತ್ತದೆಯೇ ನೋಡಲು. ಇದಕ್ಕೆ ಹೆಚ್ಚು ಹೇಳಬೇಕಿಲ್ಲ.

ಆರನೆಯದಕ್ಕೆ ಹೇಳಬೇಕು. ಇಂಗ್ಲಿಷಿನ 'ಪೀಟರ್ ವಿಲ್ ಕೀಪ್ ಅಟ್ ದ ಪೀಕ್' ಅಘೋಷ ಸ್ಪರ್ಶಗಳ ವಾಕ್ಯ. ಬಾಯೊಳಗೆ ಒತ್ತಡ ನಿಲ್ಲುತ್ತದೆಯೇ, ಗಾಳಿ ಮೂಗಿನಿಂದ ಸೋರುತ್ತದೆಯೇ ಎಂದು ತಿಳಿಯಲು. ಹಿಂದಿಯಲ್ಲಿ: 'ಟೀಟೂ, ಪಕಾ ಪಪೀತಾ ಕಾಟೋ.' ಎಲ್ಲವೂ ಅಘೋಷ ಅಲ್ಪಪ್ರಾಣ, ಒಂದೂ ಅನುನಾಸಿಕವಿಲ್ಲ. ಈ ವಾಕ್ಯ ಬರೆಯುವಾಗ ಎಲ್ಲರೂ ಎಡವುವುದು ಕ್ರಿಯಾಪದದಲ್ಲಿ. ಹಿಂದಿ ವಾಕ್ಯ ತಾನಾಗಿ 'ಹೈಂ', 'ಮೇಂ', 'ನಹೀಂ' ಕಡೆಗೆ ಹರಿಯುತ್ತದೆ, ಅವೆಲ್ಲ ಮೂಗಿನ ಸ್ವರಗಳು. ಮೃದು ಅಂಗುಳ ಮುಚ್ಚಿದೆಯೇ ಎಂದು ಪರೀಕ್ಷಿಸುವ ವಾಕ್ಯದಲ್ಲಿ ಅದನ್ನು ತೆರೆಯಲೇಬೇಕಾದ ಸ್ವರ ಇಟ್ಟರೆ ಆರೋಗ್ಯವಂತರೂ ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ. ಆಜ್ಞಾರ್ಥದ ಕ್ರಿಯಾಪದ ಬಳಸಿದರೆ ಈ ತೊಡಕು ತಪ್ಪುತ್ತದೆ.

ಹೆಸರಿನ ಬಗ್ಗೆಯೂ ಒಂದು ಮಾತು. 'ಟೀಟೂ' ಜಾಗಕ್ಕೆ 'ಪಪ್ಪೂ' ಧ್ವನಿಯ ದೃಷ್ಟಿಯಿಂದ ಇನ್ನೂ ಚೆನ್ನ. ಆದರೆ ಹಿಂದಿಯಲ್ಲಿ ಆ ಹೆಸರಿಗೆ ಪೆದ್ದ ಎಂಬ ಗೇಲಿಯ ಅರ್ಥ ಅಂಟಿಕೊಂಡಿದೆ. ನಗುತ್ತ ಓದಿದ ವಾಕ್ಯದಲ್ಲಿ ಪಿಚ್ ಏರುತ್ತದೆ, ಉಸಿರು ಚೆಲ್ಲುತ್ತದೆ. ನಾಲಿಗೆ ತಿರುಚುವ ಆಟದ ವಾಕ್ಯಗಳನ್ನೂ ಇದೇ ಕಾರಣಕ್ಕೆ ದೂರ ಇಡಿ. ಪಪ್ಪಾಯ, ಮರ ಎಂದೆಲ್ಲ ಹಿಂದಿ ಮಕ್ಕಳು ಆಡುವ ಆಟವಿದೆ. ನಮ್ಮ ಪಕಾರದ ವಾಕ್ಯ ಅದಕ್ಕೆ ಹತ್ತಿರ ಬಂದಿದೆ ಅನ್ನಿಸಿದರೆ ಪದ ಬದಲಿಸಿ.

ಇಂಗ್ಲಿಷಿನ ಪಕಾರ ಹಿಂದಿಯ ಪಕಾರವಲ್ಲ ಎಂಬುದನ್ನೂ ಗಮನದಲ್ಲಿಡಿ. ತುಟಿ ಬಿಟ್ಟ ಮೇಲೆ ದನಿ ಶುರುವಾಗಲು ಇಂಗ್ಲಿಷಿನ ಪದಾದಿಯ ಪಕಾರದಲ್ಲಿ ಸುಮಾರು 60 ಮಿಲಿಸೆಕೆಂಡ್ ಹಿಡಿಯುತ್ತದೆ. ಹಿಂದಿಯ ಅಲ್ಪಪ್ರಾಣ ಪಕಾರದಲ್ಲಿ 10ರಿಂದ 20. ಇಂಗ್ಲಿಷಿನದಕ್ಕೆ ಸಮ ಹಿಂದಿಯ ಮಹಾಪ್ರಾಣ, ಸುಮಾರು 70. ಮೂಗಿನ ಸೋರಿಕೆ ನೋಡಲು ಅಲ್ಪಪ್ರಾಣ ಸಾಕು. ಆದರೆ ಅಬ್ಡಕ್ಟರ್ ಬಗೆಯ ಸ್ಪಾಸ್ಮೋಡಿಕ್ ಡಿಸ್ಫೋನಿಯಾ ಅನುಮಾನವಿದ್ದರೆ ಅಷ್ಟು ಸಣ್ಣ ಅಂತರ ಸಾಲದು. ಧ್ವನಿತಂತುಗಳು ಅಗಲವಾಗಿ ತೆರೆದು ಮತ್ತೆ ಕೂಡುವಾಗಲೇ ಆ ತೊಂದರೆ ಬಯಲಾಗುವುದು. ಅದಕ್ಕೆ ಹೆಚ್ಚುವರಿಯಾಗಿ 'ಠೀಕ್, ಥೋಡಾ ಖಟ್ಟಾ ಖಾಓ' ಓದಿಸಿ. 'ಫ' ಬೇಡ, ಇಂದು ಬಹಳ ಹಿಂದಿ ಭಾಷಿಕರು ಅದನ್ನು ಇಂಗ್ಲಿಷಿನ 'ಎಫ್'ನಂತೆ ಹಲ್ಲು ತುಟಿ ತಾಗಿಸಿ ಹೇಳುತ್ತಾರೆ, ಸ್ಪರ್ಶವೇ ಆಗುವುದಿಲ್ಲ.

ಇನ್ನು ನಿಮ್ಮ 40-15ರ ಬೇರು. ಆರರ ಜೊತೆಗೆ ಏಳನೆಯದೊಂದು ವಾಕ್ಯ ಇಟ್ಟುಕೊಳ್ಳಿ, ಅಂಕಕ್ಕಲ್ಲ, ಹೋಲಿಕೆಗೆ: 'ಭೋಲಾ ಭಾಈ, ಆಧಾ ಘಡಾ ಭರೋ.' ಇದರಲ್ಲಿ ಘೋಷ ಮಹಾಪ್ರಾಣ ಐದು. ಇಂಥ ಅಕ್ಷರ ಬಿಟ್ಟಮೇಲೂ ಧ್ವನಿತಂತುಗಳು ಪೂರ್ತಿ ಕೂಡದೆ ಕಂಪಿಸುತ್ತಿರುತ್ತವೆ, ಮುಂದಿನ ಸ್ವರದ ಮೊದಲ ಭಾಗವೂ ಗಾಳಿಯಲ್ಲಿ ನೆನೆದಿರುತ್ತದೆ. ಧ್ವನಿ ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ 'ಭೋ'ದ ಓಕಾರದ ಮೊದಲ ತುಣುಕು ಮತ್ತು 'ದೋ'ದ ಓಕಾರದ ಅದೇ ಜಾಗ ಹೋಲಿಸಿ ನೋಡಿ. 'ಭೋ'ದಲ್ಲಿ ಮೊದಲ ಹಾರ್ಮೋನಿಕ್ (ದನಿಯ ಮೂಲ ಕಂಪನದ ಗೆರೆ) ಎರಡನೆಯದಕ್ಕಿಂತ ಎದ್ದು ನಿಲ್ಲುತ್ತದೆ. ಆರೋಗ್ಯವಂತರಲ್ಲೂ ಹೀಗೇ. ಈಗ ನಿಮ್ಮ ರೋಗಿಯ ದನಿ ಕೇಳಿ. 'ರಾಜೂ ಯೇ ದವಾ' ಶುಭ್ರವಾಗಿದ್ದು 'ಭೋಲಾ ಭಾಈ'ಯಲ್ಲಿ ಮಾತ್ರ ಗಾಳಿ ಇದ್ದರೆ ಅದು ಹಿಂದಿ. ಎರಡರಲ್ಲೂ ಇದ್ದು, ಎಳೆದು ಹಿಡಿದ 'ಆ'ದಲ್ಲೂ ಇದ್ದರೆ ಅದು ಗಂಟಲು. ಇಷ್ಟು ಮಾಡಿದರೆ ನಿಮ್ಮಿಬ್ಬರ ಅಂಕ ಎಷ್ಟು ಹತ್ತಿರ ಬರುತ್ತದೆ ನೋಡಿ.

ಪಂಜಾಬಿ ಮನೆಮಾತಿನವರು ಹಿಂದಿ ಮಾತಾಡುವಾಗ ಇದು ತಿರುವುಮುರುವಾಗಬಹುದು. ಪಂಜಾಬಿಯಲ್ಲಿ ಘೋಷ ಮಹಾಪ್ರಾಣ ಕಳೆದುಹೋಗಿ ಆ ಜಾಗಕ್ಕೆ ಶ್ರುತಿಯ ಏರಿಳಿತ ಬಂದಿದೆ. 'ಘೋಡಾ' ಅಲ್ಲಿ ತಗ್ಗಿದ ಶ್ರುತಿಯ 'ಕೋಡಾ'. ಅವರ ಏಳನೆಯ ವಾಕ್ಯದಲ್ಲಿ ಗಾಳಿ ಕಡಿಮೆ, ಪಿಚ್ ಜಿಗಿತ ಹೆಚ್ಚು. ಪಿಚ್ ಅಂಕ ಕೊಡುವಾಗ ಇದನ್ನು ದೋಷ ಎನ್ನಬೇಡಿ. ಮೂಲ ಕೇಪ್-ವಿಯೇ ಪಿಚ್ ಮತ್ತು ಲೌಡ್‌ನೆಸ್‌ಗಳನ್ನು ಆ ವ್ಯಕ್ತಿಯ ಲಿಂಗ, ವಯಸ್ಸು, ಸಂಸ್ಕೃತಿಗೆ ತಕ್ಕದ್ದಕ್ಕಿಂತ ಎಷ್ಟು ಸರಿದಿದೆ ಎಂದು ನೋಡಿ ಅಳೆಯಲು ಹೇಳುತ್ತದೆ. ಕಲಬುರಗಿ, ಬೀದರ್, ವಿಜಯಪುರ ಕಡೆಯ ದಖ್ನಿ ಮಾತಾಡುವವರಿಗೂ ಹಿಂದಿ ವಾಕ್ಯಗಳನ್ನು ಹಾಗೇ ಕೊಡಬೇಡಿ. ಪದಮಧ್ಯದ ಹಕಾರ, ಮಹಾಪ್ರಾಣ ಎರಡೂ ಅವರ ಮಾತಿನಲ್ಲಿ ಸವೆದಿವೆ, ಪುಸ್ತಕದ ಹಿಂದಿ ಅವರಿಗೆ ಓದುವ ಭಾಷೆ.

ವಾಕ್ಯ ಬಿಟ್ಟು ಉಳಿದ ಎರಡು ಕೆಲಸ. ಸ್ವರ ಹಿಡಿಸುವಾಗ ದೀರ್ಘ 'ಆ', ದೀರ್ಘ 'ಈ', 3ರಿಂದ 5 ಸೆಕೆಂಡ್, ಒಂದೊಂದು ಮೂರು ಸಲ. 'ಆ ಬೋಲಿಏ' ಎಂದಷ್ಟೇ ಹೇಳಿದರೆ ಈಗಷ್ಟೇ ಡಾಕ್ಟರಿಗೆ ಗಂಟಲು ತೋರಿಸಿ ಬಂದ ರೋಗಿ ನಾಲಿಗೆ ಹೊರಚಾಚುತ್ತಾರೆ. ಭಜನೆ, ಸಂಗೀತದ ರೂಢಿ ಇದ್ದವರು ಷಡ್ಜ ಹಿಡಿಯುತ್ತಾರೆ. 'ಜೈಸೇ ರೋಜ್ ಬಾತ್ ಕರ್ತೇ ಹೈಂ, ಉಸೀ ಆವಾಜ್ ಮೇಂ' ಎಂದು ಸೇರಿಸಿ. ಸಹಜ ಮಾತಿಗೆ ಪ್ರಶ್ನೆ ಕೇಳುವಾಗ 'ಗಲೇ ಕೀ ತಕ್ಲೀಫ್' ಎಂದರೆ ನೋವು, ಕಫದ ಕಥೆ ಎರಡೇ ಮಾತಲ್ಲಿ ಮುಗಿಯುತ್ತದೆ. 'ಆಪ್ಕೀ ಆವಾಜ್ ಮೇಂ ಕ್ಯಾ ದಿಕ್ಕತ್ ಹೈ, ಕಬ್ ಸೇ ಹೈ, ಕಾಮ್ ಪರ್ ಕ್ಯಾ ಅಸರ್ ಪಡಾ, ಆರಾಮ್ ಸೇ ಬತಾಇಏ' ಎಂದು ಕೇಳಿ, ಸುಮ್ಮನಿರಿ. ನಡುವೆ ಹೂಂಗುಟ್ಟಿದರೆ ನಿಮ್ಮ ದನಿ ರೆಕಾರ್ಡಿಂಗಿನಲ್ಲಿ ಬೆರೆಯುತ್ತದೆ, ತಲೆಯಾಡಿಸಿ ಸಾಕು.

ಓದಲು ಬಾರದವರಿಗೆ ವಾಕ್ಯ ಹೇಳಿಕೊಟ್ಟು ಹೇಳಿಸಬೇಕಾಗುತ್ತದೆ. ಹಾಗೆ ಹೇಳಿಕೊಟ್ಟವರ ಪಿಚ್, ವೇಗ, ಜೋರು ಎಲ್ಲವನ್ನೂ ರೋಗಿ ಗೊತ್ತಿಲ್ಲದೆ ಅನುಕರಿಸುತ್ತಾರೆ. ಆದ್ದರಿಂದ ಹಿಂದಿ ಮನೆಮಾತಿನ ಒಬ್ಬರು ಗಂಡಸು, ಒಬ್ಬರು ಹೆಂಗಸು ಸಾಧಾರಣ ದನಿಯಲ್ಲಿ ಹೇಳಿದ ಮಾದರಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕೇಳಿಸಿ, ಎರಡು ಸೆಕೆಂಡ್ ಬಿಟ್ಟು ಹೇಳಿಸಿ, ಎರಡನೆಯ ಸಲ ಹೇಳಿದ್ದನ್ನು ಅಂಕಕ್ಕೆ ತೆಗೆದುಕೊಳ್ಳಿ. ಓದಿದ್ದೋ ಹೇಳಿಸಿದ್ದೋ ಎಂಬುದನ್ನು ಫಾರಂನಲ್ಲಿ ಗುರುತಿಸಿ. ಓದುವವರಿಗೆ ದೇವನಾಗರಿ ಕಾರ್ಡು, ಒಂದು ಕಾರ್ಡಿಗೆ ಒಂದೇ ವಾಕ್ಯ, ತೋಳಿನಳತೆ ದೂರದಿಂದ ಕಾಣುವಷ್ಟು ದಪ್ಪ ಅಕ್ಷರ, ಹಿಡಿದ ಕಾರ್ಡು ಮುಖದ ಮಟ್ಟಕ್ಕೆ. ತೊಡೆಯ ಮೇಲಿಟ್ಟು ಓದಿದರೆ ಕತ್ತು ಬಾಗಿ ದನಿಯೇ ಬದಲಾಗುತ್ತದೆ. ಉರ್ದು ಮಾತ್ರ ಓದುವವರಿಗೆ ಅದೇ ವಾಕ್ಯ ಉರ್ದು ಲಿಪಿಯಲ್ಲಿ.

ರೆಕಾರ್ಡಿಂಗಿಗೆ ಮೂಲ ನಿಯಮವೇ ಸಾಕು: ಕಂಡೆನ್ಸರ್ ಮೈಕು, ಬಾಯಿಂದ 4 ಸೆಂಟಿಮೀಟರ್, ನೇರ ಎದುರಿಗಲ್ಲ, 45 ಡಿಗ್ರಿ ಪಕ್ಕಕ್ಕೆ. ಹಿಂದಿಗೆ ಈ ಪಕ್ಕದ ಕೋನ ಇಂಗ್ಲಿಷಿಗಿಂತ ಹೆಚ್ಚು ಮುಖ್ಯ. ಖ, ಥ, ಠಗಳ ಉಸಿರು ನೇರ ಮೈಕಿಗೆ ಬಡಿದರೆ ಢಬ್ಬೆನ್ನುವ ಸದ್ದು ಅಂಕ ಕೊಡುವವರ ಕಿವಿಯನ್ನೂ ಪ್ರಾಟ್‌ನ ಲೆಕ್ಕವನ್ನೂ ಕೆಡಿಸುತ್ತದೆ. 16 ಬಿಟ್, ಮೂಲ ನಿಯಮ ಕೇಳುವುದು ಕನಿಷ್ಠ 20 ಕಿಲೋಹರ್ಟ್ಸ್, 44.1 ಇಟ್ಟುಕೊಳ್ಳಿ, ಡಬ್ಲ್ಯುಎವಿ ಕಡತವಾಗಿ. ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಿ ತರಿಸಿಕೊಂಡದ್ದಕ್ಕೆ ಅಂಕ ಬೇಡ, ಅದು ಸಂಕುಚಿತ ಧ್ವನಿ. ಫ್ಯಾನು, ಎಸಿ ಆರಿಸಿ. ಕೋಣೆಯ ಸದ್ದು ರೋಗಿಯ ಅತಿ ಮೆಲುದನಿಗಿಂತ ಕನಿಷ್ಠ 10 ಡೆಸಿಬೆಲ್ ಕೆಳಗಿರಬೇಕು. ಮೈಕಿನ ಗೇನ್ ಪ್ರತಿ ರೋಗಿಗೂ ಬದಲಿಸುತ್ತಿದ್ದರೆ ರೆಕಾರ್ಡಿಂಗ್ ಕೇಳಿ ಲೌಡ್‌ನೆಸ್ ಅಂಕ ಕೊಡುವುದರಲ್ಲಿ ಅರ್ಥವಿಲ್ಲ, ಅದನ್ನು ಎದುರಿಗೆ ಕೂತಾಗಲೇ ಕೊಡಿ.

ಫಾರಂನ ಪದಗಳನ್ನು ಹಿಂದಿಗೆ ತರಬೇಕೆ? ಅಂಕ ಕೊಡುವವರು ಇಂಗ್ಲಿಷಿನಲ್ಲಿ ತರಬೇತಾದವರಾದರೆ ಬೇಡ. ತಂದರೆ ಗೊಂದಲವೇ ಹೆಚ್ಚು. 'ಊಂಚೀ ಆವಾಜ್' ಎಂದರೆ ಹಿಂದಿಯಲ್ಲಿ ಜೋರು ದನಿ, ಹೆಚ್ಚಿನ ಪಿಚ್ ಅಲ್ಲ. 'ತೇಜ್' ಜೋರೂ ಹೌದು, ವೇಗವೂ ಹೌದು. 'ಭಾರೀ ಆವಾಜ್' ತಗ್ಗು ಶ್ರುತಿಗೂ ಒರಟು ದನಿಗೂ ಸಲ್ಲುತ್ತದೆ. ನಮ್ಮಲ್ಲೂ 'ದನಿ ಏರಿಸಬೇಡ' ಎಂದರೆ ಶ್ರುತಿಯ ಮಾತಲ್ಲವಲ್ಲ. ರೋಗಿ ಹೇಳುವ 'ಗಲಾ ಬೈಠ್ ಗಯಾ', 'ಆವಾಜ್ ಫಟ್ತೀ ಹೈ', 'ಪತಲೀ ಹೋ ಗಯೀ' ಎಂಬ ಮಾತುಗಳನ್ನು ಅವರ ಬಾಯಲ್ಲಿ ಬಂದಂತೆಯೇ ಕೇಸ್ ಹಿಸ್ಟರಿಯಲ್ಲಿ ಬರೆದಿಡಿ. ಅವನ್ನು ರಫ್‌ನೆಸ್, ಪಿಚ್ ಎಂದು ನೀವೇ ತರ್ಜುಮೆ ಮಾಡಿ ಅಂಕಕ್ಕೆ ಸೇರಿಸಬೇಡಿ.

ಅಂಕ ಕೊಡುವ ಕ್ರಮದಲ್ಲಿ ಒಂದೇ ಸಲಹೆ ಒತ್ತಿ ಹೇಳಬೇಕಾದದ್ದು. ಮೂರೂ ಕೆಲಸಗಳಲ್ಲಿ ಒಂದು ಗುಣ ಒಂದೇ ರೀತಿ ಕೇಳಿದರೆ ಗೆರೆಯ ಮೇಲೆ ಒಂದು ಗುರುತು. ಬೇರೆ ಬೇರೆ ಕೇಳಿದರೆ ಅದೇ ಗೆರೆಯ ಮೇಲೆ 1, 2, 3 ಎಂದು ಬರೆದು ಬೇರೆ ಬೇರೆ ಗುರುತು ಹಾಕಲು ಕೇಪ್-ವಿ ಅವಕಾಶ ಕೊಡುತ್ತದೆ. ಬಹಳ ಜನ ಇದನ್ನು ಬಿಟ್ಟು ಮನಸ್ಸಿನಲ್ಲೇ ಸರಾಸರಿ ತೆಗೆಯುತ್ತಾರೆ. ಹಿಂದಿ ರೋಗಿಯಲ್ಲಿ ಸ್ವರದ ಬ್ರೆದಿನೆಸ್ ಮತ್ತು ಮಾತಿನ ಬ್ರೆದಿನೆಸ್ ಬೇರೆಯಾಗುವುದೇ ನಿಮಗೆ ಬೇಕಾದ ಸುಳಿವು, ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ.

ನಿಮ್ಮದೇ ವಾಕ್ಯಮಾಲೆ ಕಟ್ಟುವುದಾದರೆ ಪರೀಕ್ಷಿಸದೆ ಬಳಕೆಗೆ ಇಳಿಸಬೇಡಿ. ಪ್ರತಿ ಉದ್ದೇಶಕ್ಕೆ ನಾಲ್ಕೈದು ವಾಕ್ಯ ಬರೆಸಿ. ಬರೆಯುವವರಲ್ಲಿ ಇಬ್ಬರಾದರೂ ಹಿಂದಿ ಮನೆಮಾತಿನ ಸ್ಪೀಚ್ ಥೆರಪಿಸ್ಟರು, ಸಾಧ್ಯವಾದರೆ ಒಬ್ಬ ಭಾಷಾಶಾಸ್ತ್ರಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೇಶದ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಕರ್ನಾಟಕದಲ್ಲಿ ಕೂತು ಹಿಂದಿ ಕಿವಿ ಹುಡುಕುವುದು ಕಷ್ಟವಲ್ಲ. ಆಮೇಲೆ ದನಿಯ ತೊಂದರೆ ಇಲ್ಲದ ಹತ್ತು ಜನರಿಂದ ಓದಿಸಿ, ಪ್ರಾಟ್‌ನಲ್ಲಿ ತೆರೆದು ನೋಡಿ. ಘೋಷದ ವಾಕ್ಯದಲ್ಲಿ ಪಿಚ್ ಗೆರೆ ಎಲ್ಲಾದರೂ ಕಡಿದಿದೆಯೆ? ಸ್ವರಾದಿ ವಾಕ್ಯದಲ್ಲಿ ಪದಗಳು ಅಂಟಿಕೊಂಡಿವೆಯೆ? ಹತ್ತರಲ್ಲಿ ಮೂವರು ಒಂದೇ ಕಡೆ ತಡವರಿಸಿದರೆ ಆ ವಾಕ್ಯ ಕೈಬಿಡಿ. ಉಳಿದದ್ದನ್ನು ತೊಂದರೆ ಇರುವ 30, ಇಲ್ಲದ 30 ಜನರ ಮೇಲೆ ಪ್ರಯೋಗಿಸಬಹುದು. ಮೂವರು ಅಂಕ ಕೊಡಲಿ, ರೋಗಿ ಯಾರು, ರೋಗ ಏನು ಎಂದು ತಿಳಿಯದೆ. ಐದರಲ್ಲೊಂದು ಭಾಗ ರೆಕಾರ್ಡಿಂಗ್‌ಗಳನ್ನು ಎರಡು ವಾರ ಬಿಟ್ಟು ಮತ್ತೆ ಕೇಳಿಸಿ, ತಮ್ಮ ಅಂಕಕ್ಕೆ ತಾವೇ ಎಷ್ಟು ಹತ್ತಿರ ಇದ್ದಾರೆ ನೋಡಿ. ಹೊಂದಾಣಿಕೆಗೆ ಐಸಿಸಿ (ಅಂಕಗಳು ಎಷ್ಟು ಹೊಂದುತ್ತವೆ ಎಂದು ತೋರಿಸುವ ಸಂಖ್ಯೆ, 1 ಎಂದರೆ ಪೂರ್ತಿ ಹೊಂದಿಕೆ) ತೆಗೆಯಿರಿ, 0.75 ದಾಟಿದರೆ ಸಾಮಾನ್ಯವಾಗಿ ಒಳ್ಳೆಯದು ಎನ್ನುತ್ತಾರೆ. ಆದರೆ ಅದು ಒಬ್ಬರ ಅಂಕದ ಐಸಿಸಿಯೋ ಮೂವರ ಸರಾಸರಿಯದೋ ಹೇಳಲೇಬೇಕು. ಸರಾಸರಿಯದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ, ಆಸ್ಪತ್ರೆಯಲ್ಲಿ ಅಂಕ ಕೊಡುವವರು ಒಬ್ಬರೇ. ಇದರೊಟ್ಟಿಗೆ ಜಪಾನಿನಿಂದ ಬಂದ, ದನಿ ಕೇಳಿಯೇ ಅಂಕ ಕೊಡುವ ಗ್ರಬಾಸ್ ಅಳತೆಯಲ್ಲಿ, 0ಯಿಂದ 3, ಬೇರೆ ದಿನ ಅಂಕ ಕೊಡಿಸಿ ಹೋಲಿಸಿದರೆ ಇನ್ನೂ ಗಟ್ಟಿ.

ಇಷ್ಟೆಲ್ಲಕ್ಕೆ ಸಮಯವಿಲ್ಲದಿದ್ದರೆ ನಾಳೆಯಿಂದಲೇ ಮಾಡಬಹುದಾದ್ದು: ಅನುವಾದದ ಕಾರ್ಡುಗಳನ್ನು ತೆಗೆದಿಡಿ. ದನಿ ತೊಂದರೆ ಇಲ್ಲದ ಹಿಂದಿ ಭಾಷಿಕರ, ಬೇರೆ ಬೇರೆ ವಯಸ್ಸಿನ ಹೆಂಗಸರು ಗಂಡಸರ ಹತ್ತು ಹನ್ನೆರಡು ರೆಕಾರ್ಡಿಂಗ್ ಮಾಡಿಟ್ಟುಕೊಂಡು, ಹಿಂದಿ ರೋಗಿಗೆ ಅಂಕ ಕೊಡುವ ಮುನ್ನ ಪ್ರತಿ ಸಲ ಎರಡು ಕೇಳಿ. ಹಿಂದಿಯ ಸಾಮಾನ್ಯ ದನಿ ಯಾವುದು ಎಂದು ಕಿವಿಗೆ ನೆನಪಿಸಿಕೊಟ್ಟರೆ ಗುರುತು ತಾನಾಗಿ ಸರಿಯುತ್ತದೆ. ವರದಿಯಲ್ಲಿ ಯಾವ ವಾಕ್ಯಮಾಲೆ, ರೋಗಿಯ ಮನೆಮಾತು ಯಾವುದು, ಅಂಕ ಕೊಟ್ಟವರ ಮನೆಮಾತು ಯಾವುದು ಎಂದು ಒಂದು ಸಾಲು ಸೇರಿಸಿ.

ಥೆರಪಿಯ ನಡುವೆ ಇರುವ ಹಳೆಯ ರೋಗಿಗಳ ಬಗ್ಗೆ ಎಚ್ಚರ. ಅವರ ಮೊದಲ ಅಂಕ ಹಳೆಯ ಅನುವಾದದ ಮೇಲೆ ಕೊಟ್ಟದ್ದು. ಕೊನೆಯ ಅಂಕವನ್ನು ಹೊಸ ವಾಕ್ಯಗಳ ಮೇಲೆ ಕೊಟ್ಟರೆ ಇಳಿದ ಸಂಖ್ಯೆ ಥೆರಪಿಯಿಂದ ಇಳಿಯಿತೋ ವಾಕ್ಯ ಬದಲಾದದ್ದರಿಂದ ಇಳಿಯಿತೋ ಹೇಳಲು ಬರುವುದಿಲ್ಲ. ಅವರಿಂದ ಹಳೆಯ ವಾಕ್ಯಗಳನ್ನೇ ಇನ್ನೊಮ್ಮೆ ಓದಿಸಿ, ಜೊತೆಗೆ ಹೊಸವನ್ನೂ ಓದಿಸಿಡಿ. ಎಳೆದು ಹಿಡಿದ 'ಆ' ಮತ್ತು 'ಈ' ಎರಡೂ ಕಾಲಕ್ಕೆ ಒಂದೇ ಆದ್ದರಿಂದ, ಹೋಲಿಕೆಗೆ ಮೊದಲು ಅವನ್ನೇ ಪಕ್ಕಪಕ್ಕ ಇಟ್ಟು ಕೇಳಿ.